ಪಗಾರದ ಚೀಟಿ ಮತ್ತು ಹನ್ನೊಂದು ತಿಂಗಳ ಮನೆ

ಮುಂಬಯಿ ಓದುಗರ ಹಣಕಾಸಿನ ಪ್ರಶ್ನೆಗಳಿಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಐರೋಲಿಯ ಒಂದು ಕಂಪನಿಯಲ್ಲಿ ವಿಮೆಯ ಕಾಗದಪತ್ರ ಪರಿಶೀಲಿಸುವ ಕೆಲಸ, ಸೇರಿ ಒಂದೂವರೆ ವರ್ಷವಾಯಿತು. ಪಗಾರ 24,500. ಪಿಎಫ್ 1,470, ವೃತ್ತಿ ತೆರಿಗೆ 200 ಕಳೆದು ಕೈಗೆ 22,830 ಬರುತ್ತದೆ. ಅಪ್ಪ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಾರೆ. ಅವರ ದುಡಿಮೆ ರೇಷನ್ನಿಗೂ ತಮ್ಮನ ಕಾಲೇಜಿಗೂ ಸರಿಹೋಗುತ್ತದೆ. ಮನೆ ಬಾಡಿಗೆ 11,000 ನನ್ನದು. ಅಮ್ಮನ ಔಷಧಿ, ರೈಲಿನ ಪಾಸು, ಷೇರ್ ರಿಕ್ಷಾ, ಮೊಬೈಲಿನ ಕಂತು 2,200, ಎಲ್ಲ ಕಳೆದು ಉಳಿದರೆ ಮೂರು ಸಾವಿರ. ಕಳೆದ ವರ್ಷ ಕೂಡಿಟ್ಟದ್ದು ಮನೆ ಬದಲಿಸುವಾಗ ದಲಾಲಿ, ಕರಾರಿನ ನೋಂದಣಿ, ಟೆಂಪೋ ಎಂದು 18,000 ಹೋಯಿತು. ನನ್ನ ಪಕ್ಕದ ಕುರ್ಚಿಯ ಹುಡುಗನಿಗೂ ನನ್ನಷ್ಟೇ ಪಗಾರ. ಠಾಣೆಯಲ್ಲಿ ಅವನ ತಂದೆಯ ಸ್ವಂತ ಫ್ಲ್ಯಾಟಿದೆ. ಅವನು ತಿಂಗಳಿಗೆ 15,000 ಮ್ಯೂಚುವಲ್ ಫಂಡಿಗೆ ಹಾಕುತ್ತಾನೆ. ‘ಶಿಸ್ತು ಬೇಕು’ ಎಂದು ನನಗೆ ಬುದ್ಧಿ ಹೇಳುತ್ತಾನೆ. ಮೂರು ಸಾವಿರ ಉಳಿಸಿ ನಾನು ಯಾವ ಊರು ಕಟ್ಟಲಿ?
— ಹೆಸರು ಬೇಡ, ಡೊಂಬಿವಲಿ ಪೂರ್ವ

ಉತ್ತರ: ತಂಗೀ, ಮೊದಲು ಆ ಹುಡುಗನ ವಿಷಯ ಮುಗಿಸಿಬಿಡೋಣ. ಅವನಲ್ಲಿರುವುದು ಶಿಸ್ತಲ್ಲ, ಅಪ್ಪನ ಫ್ಲ್ಯಾಟು. ನಿನ್ನ 11,000 ಪ್ರತಿ ತಿಂಗಳು ಮನೆಯ ಮಾಲೀಕರಿಗೆ ಹೋಗುತ್ತದೆ, ಅವನದು ಅವನ ಹೆಸರಿನಲ್ಲೇ ಬೆಳೆಯುತ್ತದೆ. ಇದು ನಿಮ್ಮಿಬ್ಬರ ಕಥೆ ಮಾತ್ರವೂ ಅಲ್ಲ. ಪಿಕೆಟ್ಟಿ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಲೆಕ್ಕದಂತೆ 2022-23ರಲ್ಲಿ ನಮ್ಮ ದೇಶದ ಮೇಲಿನ ಶೇ. 1 ಮಂದಿಯ ಪಾಲಿಗೆ ಒಟ್ಟು ವರಮಾನದ ಶೇ. 22.6, ಒಟ್ಟು ಸಂಪತ್ತಿನ ಶೇ. 40.1 ಸೇರಿತ್ತು. ಈ ಅಂತರವನ್ನು ನಿನ್ನ ಮೂರು ಸಾವಿರ ತುಂಬುವುದಿಲ್ಲ. ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಏನನ್ನೋ ಮಾರಲು ಬಂದಿದ್ದಾರೆ ಎಂದು ತಿಳಿ.

ಹಾಗಾದರೆ ಉಳಿಸುವುದು ಯಾಕೆ? ‘ಆಗುವುದಿಲ್ಲ’ ಎನ್ನುವ ಶಕ್ತಿಗಾಗಿ. ದಲಾಲನಿಗೆ, ಮೇಲಧಿಕಾರಿಗೆ, ಸಾಲ ಕೊಡುವ ಆ್ಯಪಿಗೆ. ಅಷ್ಟಕ್ಕೆ ಕೋಟಿ ಬೇಕಾಗಿಲ್ಲ. ಎಷ್ಟು ಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಿನಗೆ ಈಗಾಗಲೇ ಸಲ್ಲಬೇಕಾದದ್ದು ಸಲ್ಲುತ್ತಿದೆಯೇ ಎಂದು ನೋಡೋಣ. ಬ್ಯಾಂಕಿನ ಕೌಂಟರಿನ ಆಚೆ ನಿಂತಿದ್ದ ಹುಡುಗ ಹುಡುಗಿಯರಲ್ಲಿ ಹೂಡಿಕೆಯ ಬಗ್ಗೆ ಕೇಳಿದವರು ಬಹಳ, ಪಗಾರದ ಚೀಟಿಯನ್ನು ಪೂರ್ತಿ ಓದಿದವರು ಬಹಳ ಕಡಿಮೆ.

ನಿನ್ನ ಚೀಟಿಯಲ್ಲಿ ‘ವೃತ್ತಿ ತೆರಿಗೆ 200’ ಎಂದಿದೆ. ಮಹಾರಾಷ್ಟ್ರದಲ್ಲಿ ತಿಂಗಳ ಪಗಾರ 25,000 ಮೀರದ ಮಹಿಳೆಯರಿಗೆ 2023ರ ಏಪ್ರಿಲ್‌ನಿಂದ ವೃತ್ತಿ ತೆರಿಗೆಯೇ ಇಲ್ಲ. ನಿನ್ನದು 24,500. ಆ ಕಡಿತ ತಪ್ಪು. ಗಂಡಸರಿಗೆ ಕಡಿಯುವಂತೆ ಕಣ್ಣುಮುಚ್ಚಿ ಎಲ್ಲರಿಗೂ ಕಡಿದಿದ್ದಾರೆ. ಫೆಬ್ರುವರಿಯಲ್ಲಿ 300 ಕಡಿಯುತ್ತಾರೆ, ವರ್ಷಕ್ಕೆ 2,500 ಆಗುತ್ತದೆ. ಎಚ್‌ಆರ್ ವಿಭಾಗಕ್ಕೆ ಬಾಯಿಮಾತಿನಲ್ಲಿ ಹೇಳಬೇಡ, ಇ-ಮೇಲ್ ಬರೆ. ಮುಂದಿನ ಕಡಿತ ನಿಲ್ಲಿಸುವಂತೆಯೂ ಹಿಂದಿನದನ್ನು ಸರಿಪಡಿಸುವಂತೆಯೂ ಕೇಳು. ನಿನ್ನ ಸಾಲಿನಲ್ಲಿ ಕೂರುವ ಇತರ ಹುಡುಗಿಯರ ಚೀಟಿಯನ್ನೂ ನೋಡಿ ಒಟ್ಟಿಗೇ ಬರೆಯಿರಿ. ಒಬ್ಬಳು ಕೇಳಿದರೆ ‘ನೋಡೋಣ’ ಎನ್ನುತ್ತಾರೆ, ಎಂಟು ಜನ ಕೇಳಿದರೆ ಕಡತ ತೆಗೆಯುತ್ತಾರೆ. ಮುಂದೆ ಪಗಾರ 25,000 ದಾಟಿದಾಗ ಕಡಿದರೆ ಅದು ನ್ಯಾಯ, ಆಗ ಜಗಳ ಬೇಡ.

ಇನ್ನು ಪಿಎಫ್. ನಿನ್ನಿಂದ 1,470 ಕಡಿದದ್ದನ್ನು ನೋಡಿದರೆ ಮೂಲ ವೇತನ 12,250 ಎಂದಾಯಿತು, ಅದರ ಶೇ. 12. ಕಂಪನಿಯೂ ಅಷ್ಟೇ ಕಟ್ಟಬೇಕು. ಆದರೆ ಕಂಪನಿಯ 1,470 ಪೂರ್ತಿ ನಿನ್ನ ಪಿಎಫ್ ಖಾತೆಗೆ ಬರುವುದಿಲ್ಲ. ಸುಮಾರು 1,020 ಪಿಂಚಣಿ ನಿಧಿಗೆ ಹೋಗಿ 450 ಮಾತ್ರ ಖಾತೆಗೆ ಸೇರುತ್ತದೆ. ಅಂದರೆ ತಿಂಗಳಿಗೆ 1,920 ನಿನ್ನ ಹೆಸರಿನಲ್ಲಿ ಜಮೆಯಾಗಬೇಕು. ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೆರೆದು ಪ್ರತಿ ತಿಂಗಳ ಜಮೆ ಬಂದಿದೆಯೇ ನೋಡು. ಚೀಟಿಯಲ್ಲಿ ಕಡಿದು ನಿಧಿಗೆ ಕಟ್ಟದ ಮಹಾನುಭಾವರನ್ನು ಈ ಊರಿನಲ್ಲಿ ಸಾಕಷ್ಟು ಕಂಡಿದ್ದೇನೆ. 2024-25ಕ್ಕೆ ಪಿಎಫ್ ಕೊಟ್ಟ ಬಡ್ಡಿ ಶೇ. 8.25. ಇಷ್ಟು ಬಡ್ಡಿಯನ್ನು ಇಷ್ಟು ಭದ್ರತೆಯೊಂದಿಗೆ ಯಾವ ಬ್ಯಾಂಕೂ ನಿನಗೆ ಕೊಡುವುದಿಲ್ಲ. ಕೆಲಸ ಬದಲಿಸಿದಾಗ ಆ ಹಣವನ್ನು ಕಿತ್ತುಕೊಂಡು ಮೊಬೈಲ್ ಕೊಳ್ಳುವವರಿದ್ದಾರೆ. ನೀನು ಅದೇ ಯುಎಎನ್ (ಪಿಎಫ್ ಸದಸ್ಯತ್ವದ) ಸಂಖ್ಯೆಯಡಿ ಹೊಸ ಕಂಪನಿಗೆ ವರ್ಗಾಯಿಸು. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯ ರಗಳೆಯೂ ಉಂಟು. ನಾಮಿನಿಯಾಗಿ ಅಮ್ಮನ ಹೆಸರನ್ನು ಇವತ್ತೇ ತುಂಬಿಸು. ಪಿಎಫ್ ಸದಸ್ಯರು ಕೆಲಸದಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ 7 ಲಕ್ಷದವರೆಗೆ ವಿಮೆ ಸಿಗುತ್ತದೆ, ಅದಕ್ಕೆ ನಿನ್ನ ಪಗಾರದಿಂದ ಒಂದು ಪೈಸೆಯೂ ಕಡಿಯುವುದಿಲ್ಲ. ಅಶುಭ ಮಾತು ಎಂದು ಅಮ್ಮ ಗೊಣಗಬಹುದು. ಗೊಣಗಲಿ.

ಈಗ ಮನೆಯ ಮಾತು. ನಿನ್ನ ಉಳಿತಾಯ ನಿಜಕ್ಕೂ ಮೂರು ಸಾವಿರವೇ? ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತದೆ, ಹದಿನೆಂಟು ಸಾವಿರ ಹೋಗುತ್ತದೆ. ಅದನ್ನು ಹನ್ನೊಂದರಿಂದ ಭಾಗಿಸಿದರೆ ತಿಂಗಳಿಗೆ 1,636. ಅದು ಆಕಸ್ಮಿಕ ಖರ್ಚಲ್ಲ, ಬಾಡಿಗೆಯದೇ ಬಾಲ. ಅದನ್ನು ಪ್ರತ್ಯೇಕ ಖಾತೆಯಲ್ಲಿಡು. ಹಾಗೆ ಮಾಡಿದರೆ ನಿಜವಾದ ಉಳಿತಾಯ 1,364 ಮಾತ್ರ ಎಂದು ಗೊತ್ತಾಗುತ್ತದೆ. ಬೇಸರವಾಯಿತೇ? ಆದರೂ ಸುಳ್ಳು ಮೂರು ಸಾವಿರಕ್ಕಿಂತ ನಿಜವಾದ 1,364 ಲೇಸು. ಅದಕ್ಕೆ ವೃತ್ತಿ ತೆರಿಗೆಯ 200 ಸೇರಿಸು. ಮೊಬೈಲಿನ ಕಂತು ಮುಗಿದ ಮರುತಿಂಗಳಿನಿಂದ ಅದೇ 2,200 ಅದೇ ತಾರೀಕಿಗೆ ನಿನ್ನದೇ ಇನ್ನೊಂದು ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡು. ಆಗ ತಿಂಗಳಿಗೆ 3,764, ವರ್ಷಕ್ಕೆ 45,000. ನಿನ್ನ ನಾಲ್ಕು ತಿಂಗಳ ಬಾಡಿಗೆ.

ನನ್ನ ಪ್ರಕಾರ ನಿನ್ನ ಮೊದಲ ಗುರಿ ಈ 45,000, ಇನ್ನೇನೂ ಅಲ್ಲ. ‘ಆರು ತಿಂಗಳ ಖರ್ಚು ಕೈಯಲ್ಲಿರಲಿ’ ಎನ್ನುವ ಸೂತ್ರ ನೌಕರಿ ಹೋದರೂ ಅಪ್ಪನ ಮನೆ ಇರುವವರಿಗೆ ಹೇಳಲು ಸುಲಭ. ನಿನ್ನಂಥವರು ಅದನ್ನು ಕೇಳಿದರೆ ಶುರುಮಾಡುವ ಮೊದಲೇ ಸೋಲುತ್ತಾರೆ. ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ಯೋಚಿಸು. ಕರಾರು ಮುಗಿಯುವ ವಾರ ದಲಾಲ ತೋರಿಸಿದ ಮೊದಲ ಖೋಲಿಗೇ ತಲೆಯಾಡಿಸಬೇಕಾಗಿಲ್ಲ. ಕೆಲಸ ಹುಡುಕಲು ರಜೆ ಹಾಕಿ ಪಗಾರ ಕಡಿದುಕೊಳ್ಳುವ ಧೈರ್ಯ ಬರುತ್ತದೆ. ನಿನ್ನ ವಯಸ್ಸಿನಲ್ಲಿ ಪಗಾರ ಐದಾರು ಸಾವಿರ ಏರಿದರೆ ಅದಕ್ಕೆ ಸಮನಾದ ಹೂಡಿಕೆ ಇಲ್ಲ. ಲೆಕ್ಕ ಬೇಕೇ? ತಿಂಗಳಿಗೆ 2,000ದಂತೆ ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ನಲ್ಲಿ 15 ವರ್ಷ ಕಟ್ಟಿದರೆ ಈಗಿನ ಶೇ. 7.1ರ ಬಡ್ಡಿಯಲ್ಲಿ ಸುಮಾರು 6.3 ಲಕ್ಷ ಬರುತ್ತದೆ. ಒಳ್ಳೆಯ ಮೊತ್ತವೇ, ಕಟ್ಟು ಎಂದೇ ಹೇಳುತ್ತೇನೆ. ಆದರೆ ಆರು ಸಾವಿರ ಹೆಚ್ಚಿನ ಪಗಾರ ಒಂಬತ್ತೇ ವರ್ಷಗಳಲ್ಲಿ ಅಷ್ಟನ್ನು ನಿನ್ನ ಕೈಗೆ ಹಾಕುತ್ತದೆ, ಬಡ್ಡಿಯ ಹಂಗಿಲ್ಲದೆ.

ಕರಾರಿನ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ‘ನೋಂದಣಿ ಯಾಕೆ, ನಮ್ಮ ನಮ್ಮಲ್ಲೇ ಬರೆದುಕೊಳ್ಳೋಣ’ ಎನ್ನುವ ಮಾಲೀಕರು ಸಿಗುತ್ತಾರೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಕರಾರನ್ನು ಬರೆದು ನೋಂದಾಯಿಸುವ ಹೊಣೆ ಮಾಲೀಕರ ಮೇಲಿದೆ. ನೋಂದಣಿ ಇಲ್ಲದೆ ವಿವಾದವಾದರೆ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ ನಿಲ್ಲುತ್ತದೆ, ಸುಳ್ಳೆಂದು ಮಾಲೀಕರು ಸಾಬೀತುಪಡಿಸುವವರೆಗೆ. ದಲಾಲರು ಇದನ್ನು ಹೇಳುವುದಿಲ್ಲ. ಮುಂದಿನ ಸಲ ಡಿಪಾಸಿಟ್ ವಾಪಸು ಕೊಡಲು ಸತಾಯಿಸಿದರೆ ಮಾಲೀಕರಿಗೆ ಇದನ್ನು ನೀನೇ ಹೇಳು.

ಮ್ಯೂಚುವಲ್ ಫಂಡ್ ಖಂಡಿತ ಮಾಡು, 45,000 ತುಂಬಿದ ಮೇಲೆ. ಷೇರುಪೇಟೆಯ ಸೂಚ್ಯಂಕವನ್ನು ಹಿಂಬಾಲಿಸುವ, ಖರ್ಚು ಕಡಿಮೆಯ ಒಂದೇ ಒಂದು ಫಂಡ್ ಸಾಕು, ತಿಂಗಳಿಗೆ ಸಾವಿರ. ಏಳೆಂಟು ವರ್ಷ ಮುಟ್ಟಬೇಕಾಗದ ಹಣ ಮಾತ್ರ ಅಲ್ಲಿಗೆ ಹೋಗಲಿ.

ಪ್ರಶ್ನೆ: ನಮಸ್ಕಾರ. ನನ್ನ ಊರು ಬೈಂದೂರು ಕಡೆ. ಪಿಯುಸಿ ಮುಗಿಸಿ ಬಂದು ಘಾಟ್‌ಕೋಪರಿನ ಹೋಟೆಲಿನಲ್ಲಿ ಎರಡು ವರ್ಷದಿಂದ ಇದ್ದೇನೆ. ಪಗಾರ 14,000 ನಗದು, ಊಟ ತಿಂಡಿ ವಸತಿ ಧಣಿಗಳದ್ದೇ. ಊರಿಗೆ 8,000 ಕಳುಹಿಸುತ್ತೇನೆ. ರೂಮಿನ ಗೆಳೆಯ ಮೊಬೈಲಿನಲ್ಲಿ ಷೇರುಪೇಟೆಯ ಏರಿಳಿತದ ಮೇಲೆ ಪಣವಿಡುವ ಆಪ್ಷನ್ ವ್ಯವಹಾರ ಮಾಡಿ ಒಂದೇ ದಿನ 11,000 ಗಳಿಸಿ ತೋರಿಸಿದ. ಬಂಡವಾಳಕ್ಕೆ ಆ್ಯಪಿನಲ್ಲಿ 10,000 ಸಾಲ ಸಿಗುತ್ತದಂತೆ, ಕೈಗೆ 8,500 ಬರುತ್ತದೆ, ತಿಂಗಳೊಳಗೆ 10,000 ಕಟ್ಟಬೇಕು. ನಾನೂ ಮಾಡಬಹುದೇ? ರೂಮಿನಲ್ಲಿ ಭಿಶಿಯೂ ನಡೆಯುತ್ತದೆ, ಎಲ್ಲರೂ ತಿಂಗಳಿಗಿಷ್ಟು ಹಾಕಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿ; ಸೇರಬಹುದೇ?
— ಒಬ್ಬ ಓದುಗ, ಘಾಟ್‌ಕೋಪರ್

ಉತ್ತರ: ಬೇಡ ತಮ್ಮಾ. ಮೊದಲು ಆ ಸಾಲವನ್ನು ಲೆಕ್ಕ ಹಾಕು. 8,500ಕ್ಕೆ ತಿಂಗಳಿಗೆ 1,500 ಬಡ್ಡಿ, ವರ್ಷದ ಲೆಕ್ಕದಲ್ಲಿ ಶೇ. 200ಕ್ಕೂ ಮೇಲೆ. ಊರಿನ ಮೀಟರ್ ಬಡ್ಡಿಯವರೂ ಇಷ್ಟು ಕೇಳಲು ಸ್ವಲ್ಪ ನಾಚಿಕೊಳ್ಳುತ್ತಾರೆ.

ಗೆಳೆಯನಿಗೆ ಒಂದು ಕೆಲಸ ಹೇಳು. ಅದೇ ಆ್ಯಪಿನಲ್ಲಿ ಇಡೀ ವರ್ಷದ ಲಾಭ-ನಷ್ಟದ ವರದಿ ಇಳಿಸಿಕೊಳ್ಳಬಹುದು. ಗೆದ್ದ ದಿನದ ಚಿತ್ರ ಸಾಕು, ಆ ವರದಿ ತೋರಿಸು ಎನ್ನು. ತೋರಿಸಿದರೆ ಕೊನೆಯ ಸಾಲು ಮಾತ್ರ ಓದು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ 2021-22ರಿಂದ ಮೂರು ವರ್ಷಗಳಲ್ಲಿ ಈ ಫ್ಯೂಚರ್ಸ್-ಆಪ್ಷನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನಸಾಮಾನ್ಯರಲ್ಲಿ ಶೇ. 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. 2023-24ರಲ್ಲಿ ಹೀಗೆ ಆಡಿದವರಲ್ಲಿ ಶೇ. 43 ಮಂದಿ ಮೂವತ್ತರ ಒಳಗಿನವರು, ಅಂದರೆ ನೀವೇ. ಹಣ ಆವಿಯಾಗಲಿಲ್ಲ. ಆ ವರ್ಷ ಸ್ವಂತ ಬಂಡವಾಳದಲ್ಲಿ ವ್ಯವಹರಿಸುವ ದೊಡ್ಡ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ಗಳಿಸಿದರು. ಅದರಲ್ಲಿ ಬಹುಪಾಲು ಕಂಪ್ಯೂಟರ್ ಪ್ರೋಗ್ರಾಮುಗಳ ಗಳಿಕೆ. ದೋಸೆ ಕಲ್ಲಿನ ಮುಂದಿನಿಂದ ಎದ್ದು ಬಂದು ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಮರುದಿನದ ಆಟಕ್ಕೆ ಲೆಕ್ಕ ಹಾಕುವ ಹುಡುಗ ಎದುರಿಸುವುದು ಆ ಯಂತ್ರಗಳನ್ನು. ಬಡವರ ಜೇಬಿನಿಂದ ಸಿರಿವಂತರ ಜೇಬಿಗೆ ಇಷ್ಟು ನೇರವಾದ ಕೊಳವೆಯನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಂಡಿರಲಿಲ್ಲ.

ನಿನ್ನ ಸ್ಥಿತಿ ಅಷ್ಟೇನೂ ಕೆಟ್ಟದ್ದಲ್ಲ. ಊರಿಗೆ ಕಳುಹಿಸಿ, ಕೈಖರ್ಚು ಕಳೆದೂ ನಾಲ್ಕು ಸಾವಿರ ಉಳಿಯಬಹುದು. ಮೇಲಿನ ಪತ್ರದ ತಂಗಿಗಿಂತ ಹೆಚ್ಚು. ಆದರೆ ಅವಳಿಗಿಲ್ಲದ ಒಂದು ಅಪಾಯ ನಿನಗಿದೆ. ಧಣಿಗಳೊಂದಿಗೆ ಮಾತಿಗೆ ಮಾತು ಬೆಳೆದ ದಿನ ನಿನ್ನ ಕೆಲಸ, ಹಾಸಿಗೆ, ಅನ್ನ ಮೂರೂ ಒಟ್ಟಿಗೆ ಹೋಗುತ್ತವೆ. ಹಾಗಾಗಿ ಮೊದಲ 15,000 ಯಾರೂ ಮುಟ್ಟದ ಖಾತೆಯಲ್ಲಿರಲಿ. ಹೊರಗೆ ಒಂದು ಹಾಸಿಗೆ ಹಿಡಿದು, ತಿಂಗಳು ಊಟ ಮಾಡಿ, ಬೇರೆ ಹೋಟೆಲ್ ಹುಡುಕುವಷ್ಟು. ಆಮೇಲೆ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆ. ತಿಂಗಳಿಗೆ 2,000 ಕಟ್ಟಿದರೆ ಶೇ. 6.7ರ ಬಡ್ಡಿಯಲ್ಲಿ ಸುಮಾರು 1.43 ಲಕ್ಷ ಬರುತ್ತದೆ. ಕಟ್ಟಿದ್ದು 1.20 ಲಕ್ಷ. ಬಡ್ಡಿ ಕಡಿಮೆ ಎನಿಸಬಹುದು, ಆದರೆ ನೀನು ಕೊಳ್ಳುತ್ತಿರುವುದು ಬಡ್ಡಿಗಿಂತ ಹೆಚ್ಚಾಗಿ ಬೀಗವನ್ನು. ರೂಮಿನಲ್ಲಿ ದುಡ್ಡಿದೆ ಎಂದು ಗೊತ್ತಾದರೆ ‘ನಾಳೆ ಕೊಡುತ್ತೇನೆ’ ಎನ್ನುವವರು ಎಂಟು ಜನ. 1928ರಲ್ಲಿ ಉಡುಪಿಯ ಬ್ಯಾಂಕು, ಮುಂದೆ ಸಿಂಡಿಕೇಟ್ ಎನಿಸಿಕೊಂಡದ್ದು, ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿ ಬಾಗಿಲಿಗೇ ಏಜೆಂಟರನ್ನು ಕಳುಹಿಸಿದ್ದು ಸುಮ್ಮನೆ ಅಲ್ಲ. ಸಂಜೆಯ ದುಡ್ಡು ರಾತ್ರಿಗೆ ಕರಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಈ ಊರಿನ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಪಿಗ್ಮಿ ಕಟ್ಟಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ ನನ್ನ ಪಕ್ಕದ ಮೇಜಿನಲ್ಲಿ ಅಧಿಕಾರಿಗಳಾಗಿ ಕುಳಿತಿದ್ದರು. ಈಗ ರಾತ್ರಿಶಾಲೆಗಳು ಒಂದೊಂದೇ ಮುಚ್ಚುತ್ತಿವೆ. ನಿನಗೆ ಪಿಯುಸಿ ಆಗಿದೆ, ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಪದವಿ ಓದಬಹುದು, ವಿಚಾರಿಸು.

ಹೋಟೆಲಿನಲ್ಲಿ ಇಪ್ಪತ್ತು ಅಥವಾ ಹೆಚ್ಚು ಜನ ಇದ್ದರೆ ಪಿಎಫ್ ಕಡ್ಡಾಯ. ಪಗಾರ 21,000ದ ಒಳಗಿರುವುದರಿಂದ ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ ಅನ್ವಯಿಸಿದರೆ ನಿನ್ನ ಪಾಲು ಶೇ. 0.75, ತಿಂಗಳಿಗೆ 105 ರೂಪಾಯಿ. ಧಣಿಗಳದು ಶೇ. 3.25, ಅಂದರೆ 455. ಕಾಯಿಲೆ ಬಿದ್ದರೆ ಆಸ್ಪತ್ರೆ ಉಚಿತ. ‘ನಮ್ಮ ಊರಿನವರು, ಹೇಗೆ ಕೇಳಲಿ’ ಎಂಬ ಸಂಕೋಚ ನಿನಗಿರುತ್ತದೆ. ನಮ್ಮ ಊರಿನವರು ಎಂಬುದೇ ಕಾರಣವಾಗಿ ನಮ್ಮವರ ಎಷ್ಟೋ ಹುಡುಗರು ಮೂವತ್ತು ವರ್ಷ ದುಡಿದೂ ಬರಿಗೈಯಲ್ಲಿ ಊರಿಗೆ ಮರಳಿದ್ದಾರೆ. ಕೊನೆಪಕ್ಷ ಪಗಾರವನ್ನಾದರೂ ಬ್ಯಾಂಕ್ ಖಾತೆಗೆ ಹಾಕಿಸಿಕೊಡಿ ಎಂದು ಕೇಳು. ದುಡಿದದ್ದಕ್ಕೆ ದಾಖಲೆ ಇರಲಿ.

ಭಿಶಿ? ಮೊದಲ ಕಂತಿನಲ್ಲೇ ಎತ್ತಿಕೊಂಡವನು ಹೋಟೆಲ್ ಬಿಟ್ಟು ಸೂರತ್‌ಗೆ ಹೋದರೆ ನೀನು ಯಾರನ್ನು ಹಿಡಿಯುತ್ತೀಯೆ?

ಪ್ರಶ್ನೆ: ನನಗೆ 26. ಸೋದರಮಾವ ವಿಮೆಯ ಏಜೆಂಟರು. ಅವರ ಒತ್ತಾಯಕ್ಕೆ ವರ್ಷಕ್ಕೆ 40,000 ಕಂತಿನ, 20 ವರ್ಷದ ಪಾಲಿಸಿಗೆ ಸಹಿ ಹಾಕಿದೆ. ಪಾಲಿಸಿ ಪತ್ರ ಬಂದು ಹತ್ತು ದಿನವಾಯಿತು. ಈಗ ಭಾರವೆನಿಸುತ್ತಿದೆ. ನನ್ನ ಪಗಾರ 30,000.
— ಓದುಗರು, ಮೀರಾ ರೋಡ್

ಉತ್ತರ: ಇದು ಅಚ್ಚಾಗುವವರೆಗೆ ಕಾದರೆ ಅವಧಿ ಮುಗಿಯುತ್ತದೆ ಎಂದು ಇವರಿಗೆ ಫೋನಿನಲ್ಲೇ ಉತ್ತರಿಸಿದ್ದೇನೆ, ಇತರರಿಗಾಗಿ ಬರೆಯುತ್ತಿದ್ದೇನೆ. ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಕಾರಣ ಕೊಟ್ಟು ಅದನ್ನು ಹಿಂದಿರುಗಿಸಬಹುದು. ಸ್ಟಾಂಪ್ ಶುಲ್ಕ, ವೈದ್ಯಕೀಯ ಪರೀಕ್ಷೆಯಂಥ ಸಣ್ಣ ಖರ್ಚು ಕಳೆದು ಕಂತು ವಾಪಸು ಬರುತ್ತದೆ. ಮಾವನ ಕೈಗೆ ಕೊಡಬೇಡಿ, ಕಂಪನಿಯ ಶಾಖೆಗೇ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮೊದಲ ವರ್ಷದ ಕಂತಿನಲ್ಲಿ ಏಜೆಂಟರ ಕಮಿಷನ್ ದೊಡ್ಡದು, ಮಾವ ಮುನಿಸಿಕೊಳ್ಳುವುದು ಸಹಜ. ಗಣೇಶ ಚತುರ್ಥಿಗೆ ಊರಿಗೆ ಹೋದಾಗ ಸರಿಹೋಗುತ್ತದೆ. ಜೀವಕ್ಕೆ ರಕ್ಷಣೆ ಬೇಕೆಂದರೆ ಉಳಿತಾಯ ಬೆರೆಸದ ಟರ್ಮ್ ವಿಮೆ ತೆಗೆದುಕೊಳ್ಳಿ. ಅದಕ್ಕೂ ಕೈ ಕಟ್ಟಿದ್ದರೆ ಪ್ರಧಾನಮಂತ್ರಿ ಜೀವನಜ್ಯೋತಿ ವರ್ಷಕ್ಕೆ 436, ಸುರಕ್ಷಾ ಬಿಮಾ 20 ರೂಪಾಯಿ. ಮೊದಲನೆಯದು ಯಾವ ಕಾರಣದ ಸಾವಿಗೂ 2 ಲಕ್ಷ ಕೊಡುತ್ತದೆ, ಎರಡನೆಯದು ಅಪಘಾತದ ಸಾವಿಗೆ ಇನ್ನೂ 2 ಲಕ್ಷ. ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವ ಊರಿನಲ್ಲಿ ಆ ಇಪ್ಪತ್ತು ರೂಪಾಯಿಗೆ ಚೌಕಾಶಿ ಬೇಡ.

ಪ್ರಶ್ನೆ: ನಮ್ಮ ಗಲ್ಲಿಯ ಪತ್ತಿನ ಸಹಕಾರ ಸಂಘದಲ್ಲಿ, ಅಂದರೆ ಪತ್‌ಪೇಢಿಯಲ್ಲಿ ಶೇ. 10ರ ಬಡ್ಡಿ. ನನ್ನ ಎರಡು ಲಕ್ಷ ಇಡಬಹುದೇ? ಸಹಕಾರಿ ಬ್ಯಾಂಕಿನಷ್ಟೇ ಭದ್ರ ಎನ್ನುತ್ತಾರೆ.
— ಓದುಗರು, ಭಾಂಡುಪ್

ಉತ್ತರ: ಇಡಬೇಡಿ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಖಾತೆದಾರರಿಗೆ ಮೊದಲು ತೆಗೆಯಲು ಬಿಟ್ಟದ್ದು ಒಂದು ಸಾವಿರ ರೂಪಾಯಿ. ಅದು ಬ್ಯಾಂಕು; ಆಮೇಲೆ 2020ರಲ್ಲಿ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು, ಬಹಳ ಜನರ ಹಣ ಉಳಿಯಿತು. ಪತ್‌ಪೇಢಿಗಳಿಗೆ ಆ ವಿಮೆ ಇಲ್ಲವೇ ಇಲ್ಲ. ಕೌಂಟರಿನಲ್ಲಿ ಕೂತವರು ಗುರುತಿನವರಾದರೆ ಠೇವಣಿ ವಿಮಾ ನಿಗಮದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ ನೋಡಿ. ತೋರಿಸಿದರೆ ನನಗೆ ಪತ್ರ ಬರೆಯಿರಿ.